ಬೇರ್ಪಡದ, ಕೆಡದ ಸ್ಕ್ರಬ್: ಮಿಶ್ರಣಗಳ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ಬಿ.ಇಡಿ. ಮೂರನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ಗೆ ನನ್ನನ್ನು ಕಳಿಸಿದ್ದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪ್ರೌಢಶಾಲೆಗೆ. ಭೌತವಿಜ್ಞಾನ ವಿಧಾನದಲ್ಲಿ ಒಂಬತ್ತನೆಯ ತರಗತಿಯ ಮಿಶ್ರಣಗಳ ಘಟಕ ನನ್ನ ಪಾಲಿಗೆ ಬಂತು. ದ್ರಾವಣ, ನಿಲಂಬನ, ಕಲಿಲ ಈ ಮೂರನ್ನೂ ಉಪ್ಪುನೀರು, ಸೀಮೆಸುಣ್ಣದ ಪುಡಿ, ಹಾಲು ಇಟ್ಟುಕೊಂಡು ಕಲಿಸುವುದು ರೂಢಿ. ಮಕ್ಕಳ ದಿನನಿತ್ಯದ ಬದುಕಿಗೆ ಹತ್ತಿರವಾದ ವಸ್ತು ಇರಲಿ ಎಂದುಕೊಂಡು ನಾನು ಮೈ ಉಜ್ಜುವ ಸ್ಕ್ರಬ್ ಅನ್ನು ಆರಿಸಿಕೊಂಡೆ. ಮನೆಯಲ್ಲೇ ಮಾಡಬಹುದು, ವಾಸನೆ ಚೆನ್ನಾಗಿರುತ್ತದೆ, ಮಕ್ಕಳು ಕೈಯಿಂದ ಮುಟ್ಟಿ ನೋಡಬಹುದು.

ಪಾಠ ಚೆನ್ನಾಗಿ ಆಯಿತೆಂದೇ ಎಲ್ಲರೂ ಹೇಳಿದರು. ಸಹಪಾಠಿ ವೀಕ್ಷಕರು ತಮ್ಮ ಹಾಳೆಯಲ್ಲಿ ‘ಪ್ರಾತ್ಯಕ್ಷಿಕೆ ಆಕರ್ಷಕವಾಗಿತ್ತು’ ಎಂದು ಬರೆದರು. ಆದರೆ ಆ ಪಾಠದಲ್ಲಿ ನಾನು ಮಕ್ಕಳಿಗೆ ಎರಡು ತಪ್ಪು ಉತ್ತರ ಕೊಟ್ಟಿದ್ದೆ. ಅದು ಗೊತ್ತಾದದ್ದು ಎರಡು ವಾರದ ನಂತರ. ಆ ತಪ್ಪುಗಳನ್ನೂ ಅವನ್ನು ತಿದ್ದಲು ಕಲಿಯಬೇಕಾದ ವಿಜ್ಞಾನವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದೇ ಘಟಕವನ್ನು ಮುಂದೆ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು.

ಮೊದಲ ಪಾಠ

ಡಿಸೆಂಬರ್ ತಿಂಗಳ ಬೆಳಗಿನ ಎರಡನೆಯ ಅವಧಿ. ಒಂದು ಗಾಜಿನ ಡಬ್ಬಿಗೆ ಸಕ್ಕರೆ, ತೆಂಗಿನೆಣ್ಣೆ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಸ್ವಲ್ಪ ಜೇನು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಲಸಿದೆ. ಕೊನೆಗೆ ವಿಟಮಿನ್ ಇ ಮಾತ್ರೆಯೊಂದನ್ನು ಒಡೆದು ಹಾಕಿದೆ. ಈ ಪಾಕವನ್ನು ನಾನು ಮೊಬೈಲಿನಲ್ಲಿ ನೋಡಿ ಕಲಿತದ್ದು.

‘ನಿಲಂಬನದ ಕಣಗಳು ಕದಲದೆ ಬಿಟ್ಟರೆ ತಳಕ್ಕೆ ಇಳಿಯುತ್ತವೆ’ ಎಂದು ಕರಿಹಲಗೆಯಲ್ಲಿ ಬರೆದು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಇಪ್ಪತ್ತು ನಿಮಿಷವಾದರೂ ಏನೂ ಇಳಿಯಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಅಕ್ಕೋರೇ, ಇದು ತಳಕ್ಕೆ ಇಳಿತಾ ಇಲ್ಲ. ಹಂಗಾರೆ ಇದು ಕಲಿಲವಾ?” ಎಂದು ಕೇಳಿದ. ಕಲಿಲದ ಕಣಗಳು ಇಳಿಯುವುದಿಲ್ಲ ಎಂದು ಹಿಂದಿನ ದಿನ ನಾನೇ ಹೇಳಿದ್ದೆ. ಆ ಹೊತ್ತಿಗೆ ಬೇರೆ ಏನೂ ಹೊಳೆಯದೆ “ಹೌದು, ಹಾಗೆ ಹೇಳಬಹುದು” ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಇದು ಎಷ್ಟು ದಿನ ಬರ್ತದೆ? ಕೆಡೂದಿಲ್ವಾ?” ಎಂದು ಕೇಳಿದಳು. “ವಿಟಮಿನ್ ಇ ಹಾಕಿದ್ದೇವಲ್ಲ, ಎಲ್ಲವೂ ನೈಸರ್ಗಿಕ. ಕೆಡುವುದಿಲ್ಲ” ಎಂದೆ.

ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ವಿಧಾನ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದು ಹೋಗಿದ್ದರು: ‘ನಾಳೆ ಮಧ್ಯಾಹ್ನ ಈ ಡಬ್ಬಿ ಹೇಗಿರುತ್ತದೆ?’ ನಾನದನ್ನು ಓದಿ ಸಹಿ ಹಾಕಿಸಿಕೊಂಡು ಮುಂದಿನ ಪಾಠಕ್ಕೆ ಹೋದೆ.

ಎರಡು ವಾರದ ನಂತರ

ಅದು ಅಡಿಕೆ ಸುಲಿಯುವ ಕಾಲ. ನಮ್ಮ ತರಗತಿಯ ಅರ್ಧದಷ್ಟು ಮಕ್ಕಳ ಅಮ್ಮಂದಿರು ಸಂಜೆಯಿಂದ ರಾತ್ರಿಯವರೆಗೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಹಸಿ ಅಡಿಕೆಯ ಚೊಗರಿನಿಂದ ಕೈ ಕಪ್ಪಾಗುತ್ತದೆ, ಬೆರಳು ಒಡೆಯುತ್ತದೆ, ಕತ್ತಿ ತಾಗಿ ಸಣ್ಣ ಗಾಯಗಳೂ ಆಗುತ್ತವೆ. ‘ಎಷ್ಟು ದಿನ ಬರ್ತದೆ’ ಎಂದು ಕೇಳಿದ್ದ ಹುಡುಗಿ ಅದೇ ಕಾರಣಕ್ಕೆ ಕೇಳಿದ್ದಳು. ಆ ಶನಿವಾರವೇ ಅವಳು ಮನೆಯಲ್ಲಿ ಒಂದು ದೊಡ್ಡ ಬಾಟಲಿ ತುಂಬ ಸ್ಕ್ರಬ್ ಮಾಡಿ, ಅಮ್ಮನಿಗೂ ಅವರ ಜೊತೆ ಸುಲಿಯಲು ಬರುವ ಇಬ್ಬರಿಗೂ ಕೊಟ್ಟಿದ್ದಳು.

ಬಾಟಲಿಯನ್ನು ಅವಳು ಶಾಲೆಗೆ ತಂದಳು. ಮೇಲೆ ಎರಡು ಬೆರಳಿನಷ್ಟು ತಿಳಿ ಎಣ್ಣೆ ನಿಂತಿತ್ತು. ತಳದಲ್ಲಿ ಸಕ್ಕರೆ ಗಟ್ಟಿಯಾಗಿ ಕೂತಿತ್ತು. ಬಾಟಲಿಯ ಗೋಡೆಗೆ ಅಂಟಿಕೊಂಡ ಕಾಫಿ ಚರಟದ ಮೇಲೆ ಬೂದುಬಣ್ಣದ ಬೂಷ್ಟು ಹಿಡಿದಿತ್ತು. “ಅಮ್ಮಂಗೆ ಕೈ ಉರೀತು ಅಕ್ಕೋರೇ. ಆಮೇಲೆ ವಾಸನೆ ಬಂತು. ನೀವು ಕೆಡೂದಿಲ್ಲ ಅಂದಿದ್ರಿ” ಎಂದಳು. ಅದು ದೂರಾಗಿರಲಿಲ್ಲ. ಪಾಠದಲ್ಲಿ ಹೇಳಿದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಹೊಂದಿಕೆಯಾಗುತ್ತಿಲ್ಲ ಎಂದು ಅವಳು ಹೇಳುತ್ತಿದ್ದಳು. ಬೂಷ್ಟು ಹಿಡಿದದ್ದನ್ನು ಇನ್ನು ಯಾರೂ ಮುಟ್ಟಬಾರದು, ಕೊಟ್ಟವರಿಂದಲೂ ವಾಪಸು ತರಬೇಕು ಎಂದು ಅವತ್ತೇ ಹೇಳಿ ಕಳಿಸಿದೆ.

ಅವತ್ತು ಸಂಜೆ ಉಪನ್ಯಾಸಕರು ಬರೆದ ಸಾಲನ್ನು ಮತ್ತೆ ಓದಿದೆ. ‘ಸ್ಥಿರವಾದ ಸ್ಕ್ರಬ್’ ಎನ್ನುವಾಗ ನಾವು ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಿದ್ದೇವೆ. ಒಂದು, ಅದು ಬೇರ್ಪಡದೆ ಇರುತ್ತದೆಯೇ? ಎರಡು, ಅದು ಕೆಡದೆ ಇರುತ್ತದೆಯೇ? ಎರಡಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಎರಡನ್ನೂ ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ.

ಯಾಕೆ ಬೇರ್ಪಡುತ್ತದೆ

ಮೊದಲ ಪ್ರಶ್ನೆಗೆ ಉತ್ತರ ಇರುವುದು ತೆಂಗಿನೆಣ್ಣೆಯಲ್ಲಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಮೇಲೆ ಡಿಸೆಂಬರ್ ಬೆಳಿಗ್ಗೆ ಚಳಿ ಜೋರು. ನನ್ನ ಡಬ್ಬಿಯಲ್ಲಿದ್ದ ಎಣ್ಣೆ ಅರ್ಧ ಗಟ್ಟಿಯಾಗಿತ್ತು. ಸಕ್ಕರೆಯನ್ನು ಹಿಡಿದಿಟ್ಟದ್ದು ಚಳಿ. ಹುಡುಗಿಯ ಮನೆಯಲ್ಲಿ ಬಾಟಲಿ ಇದ್ದದ್ದು ಬಚ್ಚಲಿನ ಒಲೆಯ ಹತ್ತಿರ. ಅಲ್ಲಿ ಎಣ್ಣೆ ಕರಗಿ ತೆಳ್ಳಗಾಯಿತು, ಸಕ್ಕರೆ ಇಳಿಯಿತು.

ದ್ರವದಲ್ಲಿ ಸಣ್ಣ ಕಣವೊಂದು ಎಷ್ಟು ವೇಗವಾಗಿ ಇಳಿಯುತ್ತದೆ ಎನ್ನುವುದನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮ ಹೇಳುತ್ತದೆ. ಸೂತ್ರವನ್ನು ಒಂಬತ್ತನೆಯ ತರಗತಿಗೆ ಕೊಡಬೇಕಿಲ್ಲ. ಅದರೊಳಗಿನ ಮೂರು ಮಾತು ಸಾಕು:

1. ಕಣ ದೊಡ್ಡದಾದಷ್ಟೂ ಬೇಗ ಇಳಿಯುತ್ತದೆ. ಅಗಲ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟಾಗುತ್ತದೆ.
2. ಕಣದ ಸಾಂದ್ರತೆಗೂ ದ್ರವದ ಸಾಂದ್ರತೆಗೂ ವ್ಯತ್ಯಾಸ ಹೆಚ್ಚಾದಷ್ಟೂ ಬೇಗ ಇಳಿಯುತ್ತದೆ.
3. ದ್ರವ ಮಂದವಾದಷ್ಟೂ, ಅಂದರೆ ಸ್ನಿಗ್ಧತೆ ಹೆಚ್ಚಾದಷ್ಟೂ ನಿಧಾನವಾಗಿ ಇಳಿಯುತ್ತದೆ.

ಒಂದು ಘನ ಸೆಂಟಿಮೀಟರ್ ಸಕ್ಕರೆ ಹರಳಿನ ತೂಕ ಸುಮಾರು 1.59 ಗ್ರಾಂ. ಅಷ್ಟೇ ತೆಂಗಿನೆಣ್ಣೆಯ ತೂಕ ಸುಮಾರು 0.92 ಗ್ರಾಂ. ಉಪ್ಪಾದರೆ ತೂಕ ಸುಮಾರು 2.16 ಗ್ರಾಂ, ವ್ಯತ್ಯಾಸ ಇನ್ನೂ ಹೆಚ್ಚು. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಚಿಕ್ಕದಾದ ಒಂದೇ ಒಂದು ಸಕ್ಕರೆ ಹರಳು ಕರಗಿದ ತೆಂಗಿನೆಣ್ಣೆಯಲ್ಲಿ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಡಬ್ಬಿಯ ತುಂಬ ಹರಳು ಒತ್ತಾಗಿದ್ದಾಗ ಒಂದಕ್ಕೊಂದು ಅಡ್ಡಬಂದು ನಿಧಾನವಾಗುತ್ತದೆ. ಆದರೂ ಅದು ಇಳಿದೇ ಇಳಿಯುತ್ತದೆ.

ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಲ್ಲಿ ತಪ್ಪಾಯಿತು. ಕಲಿಲದ ಕಣಗಳ ಗಾತ್ರ ಸುಮಾರು 1ರಿಂದ 1000 ನ್ಯಾನೊಮೀಟರ್. 0.4 ಮಿಲಿಮೀಟರ್ ಅಗಲದ ಸಕ್ಕರೆ ಹರಳು ಎಂದರೆ 4,00,000 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಹರಳು ಇಳಿಯದಿದ್ದ ಮಾತ್ರಕ್ಕೆ ಕಲಿಲವಾಗುವುದಿಲ್ಲ. ಅದು ನಿಲಂಬನವೇ, ಸದ್ಯಕ್ಕೆ ಏನೋ ಅದನ್ನು ತಡೆದು ಹಿಡಿದಿದೆ. ‘ಏನು ತಡೆದಿದೆ?’ ಎಂದು ನಾನು ಅವನನ್ನೇ ತಿರುಗಿ ಕೇಳಬೇಕಿತ್ತು.

ಮಂದವಾದರೆ ಸಾಲದು, ಹೆಪ್ಪಾಗಬೇಕು

ಎರಡನೆಯ ಬಾರಿ ಕಲಿಸುವಾಗ ನಾಲ್ಕು ಲೋಟ ಇಟ್ಟೆ: ನೀರು, ಕರಗಿದ ತೆಂಗಿನೆಣ್ಣೆ, ಜೋನಿಬೆಲ್ಲ, ಹೆಪ್ಪುಗಟ್ಟಿದ ಮೊಸರು. ಪ್ರತಿ ಲೋಟಕ್ಕೂ ತೊಳೆದು ಒಣಗಿಸಿದ ಒಂದು ಮರಳಿನ ಕಣ ಹಾಕಿಸಿದೆ. ನೀರಿನಲ್ಲಿ ಹಾಕಿದೊಡನೆ ಮುಳುಗಿತು. ಎಣ್ಣೆಯಲ್ಲಿ ಕಣ್ಣಿಗೆ ಕಾಣುವಂತೆ ಇಳಿಯಿತು. ಜೋನಿಬೆಲ್ಲದಲ್ಲಿ ನಿಂತೇಬಿಟ್ಟಿತು ಎಂದು ಮಕ್ಕಳು ಹೇಳಿದರು. ಅವಧಿಯ ಕೊನೆಗೆ ನೋಡಿದರೆ ಅದೂ ಇಳಿದಿತ್ತು. ಮೊಸರಿನ ಮೇಲಿನ ಕಣ ಮಾತ್ರ ಮರುದಿನವೂ ಅಲ್ಲೇ ಇತ್ತು.

ಸ್ಕ್ರಬ್ ಮಾಡುವವರು ಗಮನಿಸಬೇಕಾದ ವ್ಯತ್ಯಾಸ ಇದೇ. ಜೋನಿಬೆಲ್ಲ ಮಂದ ದ್ರವ. ಅದು ಇಳಿಯುವುದನ್ನು ತಡಮಾಡುತ್ತದೆ, ನಿಲ್ಲಿಸುವುದಿಲ್ಲ. ಮೊಸರಿನೊಳಗೆ ಒಂದು ಜಾಲ ಇದೆ. ಆ ಜಾಲವನ್ನು ಹರಿಯುವಷ್ಟು ಭಾರ ಸಣ್ಣ ಕಣಕ್ಕೆ ಇಲ್ಲ. ಚಮಚ ಹಾಕಿ ಒತ್ತಿದರೆ ಮಾತ್ರ ಜಾಲ ಮುರಿಯುತ್ತದೆ. ಒಳ್ಳೆಯ ಸ್ಕ್ರಬ್ಬೂ ಹಾಗೇ ಇರಬೇಕು: ಡಬ್ಬಿಯಲ್ಲಿ ನಿಲ್ಲಬೇಕು, ಕೈಯಲ್ಲಿ ಒತ್ತಿದಾಗ ಹರಡಬೇಕು.

ಎಣ್ಣೆಗೆ ಅಂಥ ಜಾಲ ಕೊಡುವುದು ಜೇನುಮೇಣ. ಅದು ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಿ. ಕರಗಿಸಿ ಎಣ್ಣೆಗೆ ಸೇರಿಸಿ ಆರಿಸಿದರೆ ಮೇಣ ಅತಿ ಸಣ್ಣ ಹಾಳೆಯಂಥ ಹರಳುಗಳಾಗಿ ಒಂದಕ್ಕೊಂದು ತಾಗಿ ನಿಂತು, ನಡುವೆ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಸೀಮೆಯ ಮುರುಗಲು ತುಪ್ಪವನ್ನೂ ಇದಕ್ಕೆ ಸೇರಿಸಿಕೊಂಡೆ. ಅದು ಸಾಧಾರಣ ಬಿಸಿಲಿಗೆ ಕರಗದ ಗಟ್ಟಿ ಕೊಬ್ಬು. ಒಡೆದ ಹಿಮ್ಮಡಿಗೆ ಹಚ್ಚುವುದು ಇಲ್ಲಿ ಹಿಂದಿನಿಂದ ಬಂದ ರೂಢಿ. ಹೀಗೆ ಆದ ಸ್ಕ್ರಬ್ಬಿನಲ್ಲಿ ಮೇಣ ಮತ್ತು ಎಣ್ಣೆ ಸೇರಿ ಜೆಲ್ ಆಗಿರುತ್ತವೆ. ಜೆಲ್ ಕಲಿಲದ ಒಂದು ಬಗೆ. ಅದರೊಳಗೆ ಕೂತ ಸಕ್ಕರೆ ನಿಲಂಬನದ ಕಣ. ಹುಡುಗನ ‘ಕಲಿಲವಾ?’ ಎಂಬ ಪ್ರಶ್ನೆಯಲ್ಲೂ ಅರ್ಧ ಸತ್ಯ ಇತ್ತು ಎಂದು ಅವನಿಗೆ ಎಲ್ಲರೆದುರು ಹೇಳಿದೆ.

ಯಾಕೆ ಕೆಡುತ್ತದೆ

ಎರಡನೆಯ ಪ್ರಶ್ನೆಗೆ ಬರೋಣ. ಕೆಡುವುದರಲ್ಲೂ ಎರಡು ಬಗೆ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ವರ್ತಿಸಿ ಮುಗ್ಗಲು ವಾಸನೆ ಬರುವುದು ಒಂದು. ವಿಟಮಿನ್ ಇ ನಿಧಾನಗೊಳಿಸುವುದು ಇದನ್ನು ಮಾತ್ರ. ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚಿರುವುದರಿಂದ ಅದು ಎಳ್ಳೆಣ್ಣೆ, ಶೇಂಗಾ ಎಣ್ಣೆಗಳಷ್ಟು ಬೇಗ ಹೀಗಾಗುವುದಿಲ್ಲ. ಬ್ಯಾಕ್ಟೀರಿಯ ಮತ್ತು ಬೂಷ್ಟು ಬೆಳೆಯುವುದು ಇನ್ನೊಂದು ಬಗೆ. ಇದನ್ನು ವಿಟಮಿನ್ ಇ ತಡೆಯುವುದಿಲ್ಲ. ನಾನು ಮೊದಲನೆಯದರ ಔಷಧವನ್ನು ಎರಡನೆಯದಕ್ಕೆ ಹೇಳಿದ್ದೆ.

ಸೂಕ್ಷ್ಮಜೀವಿಗೆ ನೀರು ಬೇಕು. ಇಲ್ಲಿ ನೋಡಬೇಕಾದದ್ದು ಒಟ್ಟು ಎಷ್ಟು ನೀರಿದೆ ಎನ್ನುವುದನ್ನಲ್ಲ, ಅದರ ಬಳಕೆಗೆ ಸಿಗುವ ನೀರು ಎಷ್ಟು ಎನ್ನುವುದನ್ನು. ಇದನ್ನು ಜಲ ಚಟುವಟಿಕೆ ಎನ್ನುತ್ತಾರೆ. ಶುದ್ಧ ನೀರಿಗೆ ಅದರ ಬೆಲೆ 1. ಸಕ್ಕರೆ ತುಂಬಿ ಇನ್ನು ಕರಗದು ಎನ್ನುವಷ್ಟಾದ ಪಾಕದಲ್ಲಿ ಸುಮಾರು 0.86, ಹಾಗೇ ತುಂಬಿದ ಉಪ್ಪುನೀರಿನಲ್ಲಿ ಸುಮಾರು 0.75. ಹೆಚ್ಚಿನ ಬ್ಯಾಕ್ಟೀರಿಯಗಳು 0.9ರ ಕೆಳಗೆ ಬೆಳೆಯಲಾರವು. ಬೂಷ್ಟಿನ ಹಲವು ಜಾತಿಗಳು 0.8ರವರೆಗೂ ಬೆಳೆಯುತ್ತವೆ, ಕೆಲವು ಅದಕ್ಕೂ ಕೆಳಗೆ. ಮಳೆಗಾಲದಲ್ಲಿ ತೇವ ಎಳೆದುಕೊಂಡ ಬೆಲ್ಲಕ್ಕೆ ಬೂಷ್ಟು ಬರುವುದು ಹೀಗೆ.

ನನ್ನ ಪಾಕದಲ್ಲಿ ನೀರು ಬಂದದ್ದು ಎರಡು ಕಡೆಯಿಂದ: ನಿಂಬೆರಸ ಮತ್ತು ಹಸಿ ಕಾಫಿ ಚರಟ. ಚರಟದಲ್ಲಿ ನೀರೂ ಇದೆ, ಬೂಷ್ಟಿಗೆ ಆಹಾರವೂ ಇದೆ. ನಿಂಬೆಯ ಹುಳಿ ಬೂಷ್ಟನ್ನು ತಡೆಯುವುದಿಲ್ಲ. ಮೇಲಾಗಿ ಅದು ಗಾಯವಿದ್ದ ಕೈಯನ್ನು ಉರಿಸಿತು. ನಿಂಬೆರಸ ಹಚ್ಚಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತೆ ಗುಳ್ಳೆ, ಕಲೆ ಆಗುವುದೂ ಉಂಟು. ನಿಂಬೆಯನ್ನು ಈ ಪಟ್ಟಿಯಿಂದ ಪೂರ್ತಿ ತೆಗೆದುಹಾಕಿ.

ಜಲ ಚಟುವಟಿಕೆ ಎಂಬ ಪದ ಹೇಳುವ ಮೊದಲು ನಾನು ಒಂದು ಪ್ರಶ್ನೆ ಕೇಳಿದೆ: “ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಗೆ ಹಸಿ ಚಮಚ ಹಾಕಿದರೆ ಮನೆಯಲ್ಲಿ ಏನಂತಾರೆ?” ಇಡೀ ತರಗತಿ ನಕ್ಕಿತು. ಎಲ್ಲರೂ ಬೈಸಿಕೊಂಡವರೇ. ಯಾಕೆ ಬೈಯುತ್ತಾರೆ ಎಂದು ಕೇಳಿದಾಗ ಅರ್ಧ ಪಾಠ ಅವರೇ ಹೇಳಿದರು: ಉಪ್ಪು ನೀರನ್ನು ಹಿಡಿದಿಟ್ಟಿರುತ್ತದೆ, ಹೊಸ ನೀರು ಬಿದ್ದರೆ ಆ ಜಾಗದಲ್ಲಿ ಬೂಷ್ಟು. ಈ ತಿಳಿವಳಿಕೆ ತರಗತಿಯಲ್ಲಿ ಮೊದಲಿನಿಂದಲೂ ಇತ್ತು. ಮೊದಲ ಪಾಠದಲ್ಲಿ ನಾನು ಅದನ್ನು ಕೇಳಿರಲಿಲ್ಲ.

ಸ್ನಾನದ ಪುಡಿಯ ವಿಷಯವೂ ಆಗ ಬಂತು. ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ ಡಬ್ಬಿಯಲ್ಲಿ ಒಣಗಿಯೇ ಇರುತ್ತವೆ. ನೀರು ಸೇರುವುದು ಸ್ನಾನದ ಹೊತ್ತಿಗೆ, ಬಟ್ಟಲಿನಲ್ಲಿ, ಅವತ್ತಿಗೆ ಬೇಕಾದಷ್ಟಕ್ಕೆ ಮಾತ್ರ. ಬೇರ್ಪಡುವ ಪ್ರಶ್ನೆಯೂ ಇಲ್ಲ, ಬೂಷ್ಟಿನ ಪ್ರಶ್ನೆಯೂ ಇಲ್ಲ.

ಯಾವ ಕಣ, ಎಷ್ಟು ನುಣುಪು

ಸ್ಕ್ರಬ್ಬಿನ ಕೆಲಸ ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನು ಉಜ್ಜಿ ತೆಗೆಯುವುದು. ಕಣ ಚೂಪಾಗಿದ್ದರೆ ಬದುಕಿರುವ ಚರ್ಮವೂ ಗೀರುತ್ತದೆ. ಒಬ್ಬ ಹುಡುಗ ರಂಗೋಲಿ ಪುಡಿ ಹಾಕೋಣ ಎಂದ. ಅದು ಕಲ್ಲಿನ ಪುಡಿ, ನೀರಿನಲ್ಲಿ ಕರಗದು, ಅಂಚು ಮೊನಚು. ಒಡೆದ ಅಕ್ರೋಟ್ ಚಿಪ್ಪಿಗೂ ಇದೇ ದೋಷ. ಹಿಂದೆ ಹಲವು ಕಂಪನಿಗಳು ದುಂಡಗಿನ ಪ್ಲಾಸ್ಟಿಕ್ ಮಣಿಗಳನ್ನು ಬಳಸುತ್ತಿದ್ದವು. ಅವು ಬಚ್ಚಲಿನಿಂದ ಹರಿದು ಕೆರೆ, ಹೊಳೆ, ಕಡಲು ಸೇರುತ್ತವೆ ಎಂದು ಅಮೆರಿಕ 2015ರಲ್ಲಿ ಕಾನೂನು ಮಾಡಿ ತೊಳೆದುಹೋಗುವ ಸೌಂದರ್ಯವರ್ಧಕಗಳಲ್ಲಿ ಅವನ್ನು ನಿಷೇಧಿಸಿತು.

ಸಕ್ಕರೆಯ ಗುಣವೆಂದರೆ ಒದ್ದೆ ಚರ್ಮದ ಮೇಲೆ ಉಜ್ಜುತ್ತಿದ್ದಂತೆ ಅದು ಕರಗುತ್ತ ಹೋಗುತ್ತದೆ. ಉಜ್ಜುವುದು ಅತಿಯಾಗದಂತೆ ತಾನೇ ತಡೆಯುತ್ತದೆ. ಅಂಗಡಿಯ ಸಕ್ಕರೆ ದಪ್ಪ. ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಜರಡಿ ಹಿಡಿದು, ಚಿರೋಟಿ ರವೆಯಷ್ಟು ಸಣ್ಣದನ್ನು ತೆಗೆದುಕೊಳ್ಳಬೇಕು. ಸ್ಟೋಕ್ಸ್ ನಿಯಮದ ಪ್ರಕಾರ ಅದು ಇಳಿಯುವುದೂ ನಿಧಾನ. ಹಿಟ್ಟಿನಂತೆ ನುಣುಪಾದರೆ ಉಜ್ಜುವುದಿಲ್ಲ.

ನಾವು ಮಾಡಿದ ಪಾಕ

100 ಗ್ರಾಂ ಸ್ಕ್ರಬ್ಬಿಗೆ:

- ಜರಡಿ ಹಿಡಿದ ಒಣ ಸಕ್ಕರೆ: 60 ಗ್ರಾಂ
- ತೆಂಗಿನೆಣ್ಣೆ: 26 ಗ್ರಾಂ
- ಮುರುಗಲು ತುಪ್ಪ: 10 ಗ್ರಾಂ
- ಜೇನುಮೇಣ: 4 ಗ್ರಾಂ

ಚಮಚದ ಅಳತೆ ಬೇಡ, ತಕ್ಕಡಿಯಲ್ಲಿ ತೂಗಿ. ಒಂದು ಚಮಚ ಸಕ್ಕರೆಯ ತೂಕವೇ ಬೇರೆ, ಒಂದು ಚಮಚ ಎಣ್ಣೆಯ ತೂಕವೇ ಬೇರೆ.

ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಒಣ ಪಾತ್ರೆ ಇಟ್ಟು ಮೇಣ ಮತ್ತು ಮುರುಗಲು ತುಪ್ಪವನ್ನು ಕರಗಿಸಬೇಕು. ಈ ಕೆಲಸ ಶಿಕ್ಷಕರದ್ದೇ, ಮಕ್ಕಳಿಗೆ ಬಿಡಬಾರದು. ಕರಗಿದ ಮೇಲೆ ತೆಂಗಿನೆಣ್ಣೆ ಸೇರಿಸಿ, ಒಲೆಯಿಂದ ಇಳಿಸಿ ಕೈ ಬಿಡದೆ ತಿರುವುತ್ತಿರಬೇಕು. ಎಲ್ಲರೂ ಅವಸರ ಮಾಡುವುದು ಇಲ್ಲಿ. ಬಿಸಿ ಎಣ್ಣೆಗೆ ಸಕ್ಕರೆ ಸುರಿದರೆ, ಜಾಲ ಹುಟ್ಟುವ ಮೊದಲೇ ಅದು ತಳ ಸೇರಿರುತ್ತದೆ. ಎಣ್ಣೆ ಮಸುಕಾಗಿ ದೋಸೆಹಿಟ್ಟಿನಷ್ಟು ಮಂದವಾದ ಮೇಲೆ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಸಬೇಕು. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಡಬ್ಬಿಗೆ ತುಂಬಿ, ತಣ್ಣಗಾದ ಮೇಲೆಯೇ ಮುಚ್ಚಬೇಕು. ಬಿಸಿಯಿದ್ದಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ ನೀರು ಬೀಳಬಹುದು.

ಬಳಸುವಾಗ ಒಣ ಚಮಚದಲ್ಲಿ ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಂಡು, ಬಟ್ಟಲನ್ನು ಮಾತ್ರ ಬಚ್ಚಲಿಗೆ ಒಯ್ಯಬೇಕು. ಮೊದಲ ಸಲವಾದರೆ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯಬೇಕು. ಎಣ್ಣೆಯಿಂದ ನೆಲ ಜಾರುತ್ತದೆ. ಎಣ್ಣೆಸ್ನಾನದ ಹಾಗೆ ಕಡಲೆಹಿಟ್ಟು ಅಥವಾ ಸೀಗೆಪುಡಿಯಿಂದ ಮೈಯನ್ನೂ ನೆಲವನ್ನೂ ತೊಳೆಯಬೇಕು. ಗಾಯ, ಒಡಕು, ಹುಣ್ಣು ಇರುವ ಚರ್ಮಕ್ಕೆ ಯಾವ ಸ್ಕ್ರಬ್ಬೂ ಬೇಡ.

ನೀರು ಸೇರಿಸಿದ ಸ್ಕ್ರಬ್ ಮಾಡಬಾರದೇ ಎಂದು ನಮ್ಮ ಸಹಪಾಠಿಗಳು ಕೇಳಿದರು. ಮಾಡಬಹುದು. ಆದರೆ ಸಕ್ಕರೆ ನೀರಿನಲ್ಲಿ ಕರಗುವುದರಿಂದ ಕಣ ಬೇರೆ ಬೇಕು. ಜಾಲಕ್ಕೆ ಕ್ಸಾಂಥನ್ ಗೋಂದಿನಂಥದ್ದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸರಿಯಾದ ಸಂರಕ್ಷಕವನ್ನು ಸರಿಯಾದ ಪ್ರಮಾಣದಲ್ಲಿ ಹಾಕಲೇಬೇಕು. ಸೋಡಿಯಂ ಬೆಂಜೊಯೇಟ್‌ನಂಥ ಸಂರಕ್ಷಕ ಮಿಶ್ರಣ ಆಮ್ಲೀಯವಾಗಿದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ಪಿಎಚ್ ಅಳೆಯಬೇಕು. ಶಾಲೆಯ ತರಗತಿಗೆ ಅದು ತಕ್ಕದ್ದಲ್ಲ. ಮಕ್ಕಳು ಮಾರುವ ವಿಷಯವನ್ನೂ ಎತ್ತಿದರು. ನಮ್ಮ ದೇಶದಲ್ಲಿ ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸಲು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು ಎಂದು ತಿಳಿಸಿದೆ.

ನಲವತ್ತು ದಿನದ ಅವಲೋಕನ

ಈ ಸಲ ‘ಕೆಡುವುದಿಲ್ಲ’ ಎಂದು ನಾನು ಹೇಳಲಿಲ್ಲ. ನಾಲ್ಕು ಡಬ್ಬಿ ಇಟ್ಟೆವು. ‘ಅ’ ನನ್ನ ಹಳೆಯ ಪಾಕ. ‘ಆ’ ಬರೀ ಒಣ ಸಕ್ಕರೆ ಮತ್ತು ತೆಂಗಿನೆಣ್ಣೆ. ‘ಇ’ ಹೊಸ ಪಾಕ. ‘ಈ’ ಹೊಸ ಪಾಕಕ್ಕೆ ಒಂದು ಚಮಚ ನೀರು. ‘ಇ’ಯ ಇನ್ನೊಂದು ಡಬ್ಬಿಯನ್ನು ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆವು. ಹೊರಗಿನಿಂದ ಪೆನ್ನಿನಲ್ಲಿ ಗೆರೆ ಹಾಕಿ, ಮುಚ್ಚಳ ತೆರೆಯದೆ ನೋಡಿ ಬರೆಯುವುದು ಮಕ್ಕಳ ಕೆಲಸ.

‘ಆ’ದಲ್ಲಿ ಮೊದಲ ಮಧ್ಯಾಹ್ನವೇ ಎಣ್ಣೆ ಮೇಲೆ ಬಂತು. ಆದರೆ ನಲವತ್ತು ದಿನವೂ ಬೂಷ್ಟು ಕಾಣಲಿಲ್ಲ. ‘ಅ’ದಲ್ಲಿ ಒಂಬತ್ತನೆಯ ದಿನ ಬೂಷ್ಟು ಕಂಡಿತು. ಕಪಾಟಿನ ‘ಇ’ ಇಟ್ಟ ಹಾಗೇ ಇತ್ತು. ಕಿಟಕಿಯಲ್ಲಿದ್ದದ್ದರ ಮೇಲೆ ಮೂರನೆಯ ವಾರ ಎಣ್ಣೆಯ ತೆಳು ಪದರ ಬಂತು. ‘ಈ’ದಲ್ಲಿ ಸಕ್ಕರೆ ಕರಗಿ ತಳದಲ್ಲಿ ಪಾಕ ನಿಂತಿತು, ಬೂಷ್ಟು ಕಾಣಲಿಲ್ಲ.

‘ಈ’ಯನ್ನು ನೋಡಿ ಒಬ್ಬಳು, “ನೀರು ಹಾಕಿದ್ರೂ ಕೆಡಲಿಲ್ಲ ಅಲ್ದಾ?” ಎಂದು ಕೇಳಿದಳು. ಹಿಂದಿನ ಹಾಗೆ ಹೌದು ಎನ್ನಲಿಲ್ಲ. ನಮಗೆ ಕಾಣುವುದು ಕಣ್ಣಿಗೆ ಕಾಣುವಷ್ಟು ಬೆಳೆದ ಬೂಷ್ಟು ಮಾತ್ರ, ಬ್ಯಾಕ್ಟೀರಿಯ ಎಣಿಸಲು ಪ್ರಯೋಗಾಲಯ ಬೇಕು. ಹಾಗಾಗಿ ‘ನಲವತ್ತು ದಿನ ಮುಚ್ಚಿದ ಡಬ್ಬಿಯಲ್ಲಿ ಬೂಷ್ಟು ಕಾಣಲಿಲ್ಲ’ ಎಂದಷ್ಟೇ ಬರೆಯೋಣ ಎಂದೆ. ಅವಳು ಹಾಗೆಯೇ ಬರೆದಳು. ಆ ವಾಕ್ಯವನ್ನು ನಾನು ಈ ಘಟಕದ ಕಲಿಕಾ ಫಲವೆಂದೇ ಎಣಿಸುತ್ತೇನೆ. ಒಂದೊಂದೇ ಡಬ್ಬಿ ಇಟ್ಟಿದ್ದರಿಂದ ಇದು ದೊಡ್ಡ ತೀರ್ಮಾನಕ್ಕೆ ಸಾಲದು ಎನ್ನುವುದನ್ನೂ ಕೊನೆಗೆ ಸೇರಿಸಿದೆವು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ನಮ್ಮ 5ಇ ಮಾದರಿಯ ಪಾಠ ಯೋಜನೆಯಲ್ಲಿ ‘ಅನ್ವೇಷಿಸು’ ಎಂಬ ಕಾಲಂ ಎದುರು ಹತ್ತು ನಿಮಿಷ ಎಂದು ಬರೆಯುವುದು ನಮಗೆ ಅಭ್ಯಾಸವಾಗಿದೆ. ಕೆಲವು ವಿಷಯಗಳಿಗೆ ಅದು ಸಾಕು. ಸ್ಥಿರತೆ, ತುಕ್ಕು, ಹುದುಗು, ಕೊಳೆಯುವಿಕೆ ಇಂಥವಕ್ಕೆ ಸಾಲದು. ಅಲ್ಲಿ ಕಾಲವೂ ಒಂದು ಬೋಧನೋಪಕರಣ. ಇಂಟರ್ನ್‌ಶಿಪ್ಪಿನ ಮೊದಲ ವಾರವೇ ಡಬ್ಬಿಗಳನ್ನು ಇಟ್ಟು, ವಾರಕ್ಕೆ ಐದು ನಿಮಿಷ ಅವಲೋಕನಕ್ಕೆ ಕೊಟ್ಟರೆ, ಆ ಪಾಠ ಬರುವ ಹೊತ್ತಿಗೆ ಪುರಾವೆ ತರಗತಿಯಲ್ಲೇ ಇರುತ್ತದೆ. ಪಾಠ ವೀಕ್ಷಿಸುವವರು ‘ಆಕರ್ಷಕ’ ಎಂದು ಬರೆಯುವ ಮೊದಲು, ಹೇಳಿದ ಮಾತು ತೋರಿಸಿದ್ದರಿಂದ ಸಾಬೀತಾಯಿತೇ ಎಂದು ನೋಡಿದರೆ ನಮಗೆ ಹೆಚ್ಚು ಉಪಕಾರ.

ತಪ್ಪು ಹೇಳಿದ್ದನ್ನು ತರಗತಿಯ ಮುಂದೆ ಒಪ್ಪಿಕೊಂಡರೆ ಮಕ್ಕಳ ಗೌರವ ಹೋಗುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಎರಡನೆಯ ಪಾಠವನ್ನು ನಾನು ಶುರುಮಾಡಿದ್ದು ಆ ಹುಡುಗಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು, “ಹೋದ ಸಲ ನಾನು ಎರಡು ಮಾತು ತಪ್ಪು ಹೇಳಿದ್ದೆ” ಎಂದು. ಅವತ್ತು ಬಂದಷ್ಟು ಪ್ರಶ್ನೆಗಳು ಬೇರೆ ಯಾವ ಪಾಠದಲ್ಲೂ ಬರಲಿಲ್ಲ.

ಹೊಸ ಸ್ಕ್ರಬ್ ಆದ ಮೇಲೆ ಹುಡುಗಿ ಒಂದು ಡಬ್ಬಿ ಮನೆಗೆ ಕೇಳಿದಳು. ಅಮ್ಮನ ಕೈಯ ಗಾಯ ಮಾಗಿದೆಯೇ ಎಂದು ಕೇಳಿದೆ. ಇಲ್ಲ, ಸುಲಿಯುವುದು ಇನ್ನೂ ಇದೆ ಎಂದಳು. ಸ್ಕ್ರಬ್ ಬದಲು ಉಳಿದಿದ್ದ ಮುರುಗಲು ತುಪ್ಪವನ್ನು ಕೊಟ್ಟು, ರಾತ್ರಿ ಕೈ ತೊಳೆದು ಒರೆಸಿಕೊಂಡು ಒಡೆದಲ್ಲಿ ಹಚ್ಚಲಿ, ತೆರೆದ ಗಾಯಕ್ಕೆ ಬೇಡ, ಅದು ಮಾಗದಿದ್ದರೆ ಆಸ್ಪತ್ರೆಗೆ ತೋರಿಸಲಿ ಎಂದೆ. ಸ್ಕ್ರಬ್ಬಿನ ಡಬ್ಬಿಯ ಮೇಲೆ ಅವಳ ಹೆಸರು ಬರೆದು ಕಪಾಟಿನಲ್ಲಿಟ್ಟೆ. ಸುಲಿಯುವ ಕೆಲಸ ಮುಗಿದು ಕೈ ವಾಸಿಯಾದ ಮೇಲೆ ಅವಳು ಅದನ್ನು ಒಯ್ದಳು.